ಬೀಜಕ್ಕೆ ಸವರುವ ಪುಡಿಯಿಂದ ಈಸ್ಟಿನ ಕತ್ತರಿಯವರೆಗೆ

ಕಂಪ್ಲಿ ಸುತ್ತಮುತ್ತ ಭತ್ತದ ಸಸಿಮಡಿಗೆ ಬೀಜ ಚೆಲ್ಲುವ ಮುಂಚೆ ಬೀಜೋಪಚಾರ ಮಾಡುವುದುಂಟು. ಒಂದು ಕೆ.ಜಿ. ಬೀಜಕ್ಕೆ ಎರಡು ಗ್ರಾಂ ಕಾರ್ಬೆಂಡಜಿಮ್ ಪುಡಿ ಎಂಬುದು ವಾಡಿಕೆಯ ಲೆಕ್ಕ. ಗೊಬ್ಬರದಂಗಡಿಯಲ್ಲಿ ಆ ಹೆಸರು ಹೇಳುವವರು ಕಡಿಮೆ. ಯಾವ ಕಂಪನಿಯದಾದರೂ ಸರಿ, ‘ಬಾವಿಸ್ಟಿನ್ ಕೊಡ್ರಿ’ ಅಂತಲೇ ಕೇಳುತ್ತಾರೆ. ಭತ್ತಕ್ಕೆ ಬೆಂಕಿ ರೋಗ ಬರಬಾರದೆಂದು, ಕಮಲಾಪುರದ ಬಾಳೆಗೆ ಎಲೆಚುಕ್ಕೆ ಕಂಡಿತೆಂದು, ತೋಟದಲ್ಲಿ ಗಿಡ ಸೊರಗಿತೆಂದು ಇದೇ ಪುಡಿ. ಬೂಜು ಸಾಯುತ್ತದೆ ಎಂಬುದಷ್ಟೇ ಬಳಸುವವರಿಗೆ ಬೇಕಾದ ಮಾತು. ಹೇಗೆ ಸಾಯುತ್ತದೆ ಎಂದು ಹುಡುಕುತ್ತ ಹೋದರೆ, ಬೇಕರಿಯಲ್ಲಿ ಬ್ರೆಡ್ಡು ಉಬ್ಬಿಸುವ ಈಸ್ಟಿನೊಳಗಿನ ಒಂದು ಪ್ರೋಟೀನಿನ ಹತ್ತಿರ ಬಂದು ನಿಲ್ಲುತ್ತೇವೆ. ಅದರ ಹೆಸರು ಸೆಪರೇಸ್. ಜೀವಕೋಶ ಎರಡಾಗುವಾಗ ವರ್ಣತಂತುಗಳ ಜೋಡಿಯನ್ನು ಬಿಡಿಸಿಕೊಡುವುದು ಇದರ ಕೆಲಸ.

ಮೊದಲು ಪುಡಿಯ ವಿಷಯ ಮುಗಿಸೋಣ. ಯಾವುದೇ ಕೋಶ ಒಡೆದು ಎರಡಾಗುವ ಮೊದಲು ತನ್ನ ವರ್ಣತಂತುಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ಒಂದೊಂದಕ್ಕೂ ಒಂದು ಅವಳಿ. ಆಮೇಲೆ ಕೋಶದ ಎರಡು ತುದಿಗಳಿಂದ ಸಣ್ಣ ಸಣ್ಣ ಎಳೆಗಳು ಬೆಳೆದು ಬಂದು, ಒಂದು ಅವಳಿಯನ್ನು ಈ ತುದಿಯೂ ಇನ್ನೊಂದನ್ನು ಆ ತುದಿಯೂ ಹಿಡಿದುಕೊಳ್ಳುತ್ತವೆ. ಪಠ್ಯಪುಸ್ತಕದಲ್ಲಿ ಈ ಏರ್ಪಾಟಿಗೆ ಕದಿರು ಎನ್ನುತ್ತಾರೆ. ಎಳೆಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಆದವು. ಕಾರ್ಬೆಂಡಜಿಮ್ ಹೋಗಿ ಶಿಲೀಂಧ್ರದ ಟ್ಯೂಬುಲಿನ್ನಿಗೆ ಅಂಟಿಕೊಳ್ಳುತ್ತದೆ, ಎಳೆ ಬೆಳೆಯುವುದು ನಿಲ್ಲುತ್ತದೆ. ಕದಿರಿಲ್ಲದೆ ವರ್ಣತಂತುಗಳು ಪಾಲಾಗುವುದಿಲ್ಲ, ಪಾಲಾಗದೆ ಕೋಶ ಮುಂದುವರಿಯುವುದಿಲ್ಲ. ಬೂಜು ಇದ್ದಲ್ಲೇ ಮುರುಟಿಕೊಳ್ಳುತ್ತದೆ.

ಇಷ್ಟು ಗೊತ್ತಾದರೆ ಅಂಗಡಿಯಲ್ಲಿ ಒಂದಷ್ಟು ದುಡ್ಡು ಉಳಿಸಬಹುದು. ತುಂಗಭದ್ರಾ ಕಾಲುವೆ ಬಯಲಿನ ಭತ್ತಕ್ಕೆ ಬರುವ ದುಂಡಾಣು ಅಂಗಮಾರಿಗೆ, ದಾಳಿಂಬೆಯ ದುಂಡಾಣು ಅಂಗಮಾರಿಗೆ ಈ ಪುಡಿ ಹೊಡೆದು ಉಪಯೋಗವಿಲ್ಲ. ದುಂಡಾಣು ಎಂದರೆ ಬ್ಯಾಕ್ಟೀರಿಯಾ, ಅದರಲ್ಲಿ ಕದಿರೇ ಇಲ್ಲ. ಅದು ತನ್ನ ಪಾಲು ಮಾಡಿಕೊಳ್ಳುವ ಕ್ರಮವೇ ಬೇರೆ. ಸಸಿಮಡಿಯಲ್ಲಿ ಬುಡ ಕೊಳೆಸುವ ಪಿಥಿಯಂ, ದ್ರಾಕ್ಷಿಯ ಬೂಜುತುಪ್ಪಟ ತರುವ ಜೀವಿಗಳಿಗೂ ಇದು ಹತ್ತುವುದಿಲ್ಲ, ಅವು ನೋಡಲು ಶಿಲೀಂಧ್ರದಂತಿದ್ದರೂ ಅವುಗಳ ಟ್ಯೂಬುಲಿನ್ ಬೇರೆ ತರಹದ್ದು. ನಿಜವಾದ ಶಿಲೀಂಧ್ರವೂ ಇದಕ್ಕೆ ಬಗ್ಗದಂತಾಗಬಹುದು. ಟ್ಯೂಬುಲಿನ್ ಸರಪಳಿಯ 198ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಅಲನಿನ್ ಬಂದು ಕೂತರೆ ಸಾಕು, ಪುಡಿ ಅಂಟುವ ಜಾಗವೇ ಕೆಟ್ಟುಹೋಗುತ್ತದೆ. ಒಂದೇ ಒಂದು ಅಕ್ಷರದ ತಪ್ಪು. ವರ್ಷ ವರ್ಷವೂ ಇದೊಂದನ್ನೇ ಹೊಡೆದ ಹೊಲದಲ್ಲಿ ಆ ತಪ್ಪಿರುವ ಬೂಜೇ ಉಳಿದು ಬೆಳೆಯುತ್ತದೆ. ಬೇರೆ ಗುಂಪಿನ ಔಷಧಿಯೊಡನೆ ಅದಲುಬದಲು ಮಾಡಿ ಎಂದು ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ.

ಇನ್ನೊಂದು ಮಾತು. ಬರಿಗೈಯಲ್ಲಿ ಬೀಜಕ್ಕೆ ಪುಡಿ ಕಲೆಸುವುದನ್ನು ಎಲ್ಲ ಕಡೆ ನೋಡುತ್ತೇವೆ. ನಮ್ಮ ಕೋಶಗಳ ಟ್ಯೂಬುಲಿನ್ನಿಗೆ ಇದು ಶಿಲೀಂಧ್ರದ್ದಕ್ಕೆ ಅಂಟಿದಷ್ಟು ಅಂಟುವುದಿಲ್ಲ, ನಿಜ. ಆದರೆ ಅಂಟುವುದೇ ಇಲ್ಲ ಎಂದೂ ಅಲ್ಲ. ಪ್ರಾಣಿಗಳ ಕೋಶಗಳಲ್ಲಿ ವರ್ಣತಂತುಗಳ ಎಣಿಕೆ ತಪ್ಪಿಸಬಲ್ಲ ವಸ್ತುಗಳ ಪಟ್ಟಿಯಲ್ಲಿ ಕಾರ್ಬೆಂಡಜಿಮ್ ಇದೆ. ಯುರೋಪ್ ಒಕ್ಕೂಟದ ಹೊಲಗಳಲ್ಲಿ ಇದಕ್ಕೆ ಈಗ ಅನುಮತಿಯಿಲ್ಲ. ಕೈಗವಸು ಹಾಕಿಕೊಳ್ಳುವುದಕ್ಕೆ ಆಗುವ ಖರ್ಚು ಬಹಳವೇನಲ್ಲ.

ಈಗ ಈಸ್ಟು. ಅದೂ ಒಂದು ಶಿಲೀಂಧ್ರವೇ, ಒಂಟಿ ಕೋಶದ್ದು. ಬೇಕರಿಗೆ ಬರುವ ಈಸ್ಟನ್ನು ಕಾರ್ಖಾನೆಗಳಲ್ಲಿ ಬೆಳೆಸುವುದು ಹೆಚ್ಚಾಗಿ ಕಾಕಂಬಿಯ ಮೇಲೆ, ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕದಲ್ಲಿ. ಕಬ್ಬು ಬೆಳೆಯುವ ಊರಿನವರಿಗೆ ಕಾಕಂಬಿಯ ವಾಸನೆ ಹೇಳಿಕೊಡಬೇಕಿಲ್ಲ. (ಮನೆಯ ಇಡ್ಲಿ ಹಿಟ್ಟು ಉಬ್ಬುವುದೂ ಈಸ್ಟಿನಿಂದ ಎಂದು ಕೆಲವರು ಹೇಳುತ್ತಾರೆ. ಅಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದ್ದು; ಈಸ್ಟಿದ್ದರೂ ಎರಡನೇ ಸಾಲಿನಲ್ಲಿ.) ಬೆಲ್ಲದ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಚಿಟಿಕೆ ಬೇಕರಿ ಈಸ್ಟು ನೆನೆಹಾಕಿ, ಒಂದೆರಡು ತಾಸು ಬಿಟ್ಟು, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದರೆ ಮೊಟ್ಟೆಯಾಕಾರದ ಕೋಶಗಳು, ಅವುಗಳ ಮಗ್ಗುಲಲ್ಲಿ ಮೊಗ್ಗುಗಳು ಕಾಣುತ್ತವೆ. ಮೊಗ್ಗೇ ಮಗಳು ಕೋಶ. ಸಕ್ಕರೆ, ಬಿಸಿ ಸರಿಯಾಗಿದ್ದರೆ ಸುಮಾರು 90 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ.

ಆ ಪುಟ್ಟ ಕೋಶದೊಳಗೆ 16 ವರ್ಣತಂತುಗಳು. ಎಲ್ಲ ಸೇರಿ ಸುಮಾರು ಒಂದು ಕೋಟಿ 20 ಲಕ್ಷ ಅಕ್ಷರಗಳ ಬರಹ, ಅದರಲ್ಲಿ ಆರು ಸಾವಿರದಷ್ಟು ಜೀನ್‌ಗಳು. ಕೋಶಕೇಂದ್ರವಿರುವ ಜೀವಿಗಳಲ್ಲಿ ಮೊಟ್ಟಮೊದಲು ಪೂರ್ತಿ ಓದಿ ಮುಗಿಸಿದ್ದು ಇದರ ಬರಹವನ್ನೇ, 1996ರಲ್ಲಿ. ಇದರ ಒಂದು ಜೀನ್ ಕೆಡಿಸಿ ಏನಾಗುತ್ತದೆ ನೋಡುವುದು ಸುಲಭ. ಅಮೆರಿಕದ ಸಿಯಾಟಲ್‌ನಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್ 1970ರ ಸುಮಾರಿಗೆ ಈ ದಾರಿ ತುಳಿದರು. ತಂಪಿನಲ್ಲಿ ಸರಿಯಾಗಿ ಬೆಳೆದು, ಬಿಸಿ ಏರಿಸಿದೊಡನೆ ವಿಭಜನೆಯ ಯಾವುದೋ ಒಂದು ಹಂತದಲ್ಲಿ ನಿಂತುಬಿಡುವ ಈಸ್ಟುಗಳನ್ನು ಹೆಕ್ಕಿ ತೆಗೆದರು. ಎಲ್ಲಿ ನಿಲ್ಲುತ್ತದೋ ಅಲ್ಲಿ ಕೆಲಸ ಮಾಡುವ ಜೀನ್ ಕೆಟ್ಟಿದೆ ಎಂದರ್ಥ. 2001ರ ನೊಬೆಲ್ ಪ್ರಶಸ್ತಿ ಅವರಿಗೂ ಪಾಲ್ ನರ್ಸ್, ಟಿಮ್ ಹಂಟ್ ಅವರಿಗೂ ಸಂದಿತು.

ನಮ್ಮ ಪುಡಿ ಕಥೆಯೊಳಗೆ ಬರುವುದು 1991ರಲ್ಲಿ. ಕಾರ್ಬೆಂಡಜಿಮ್‌ನ ಅಣ್ಣನೆನ್ನಬಹುದಾದ ಬೆನೊಮಿಲ್ ಎಂಬ ಶಿಲೀಂಧ್ರನಾಶಕವಿತ್ತು; ನೀರಿಗೆ ಬಿದ್ದ ಮೇಲೆ ಅದು ಒಡೆದು ಕಾರ್ಬೆಂಡಜಿಮ್ ಆಗುತ್ತದೆ. ಕದಿರನ್ನು ಕೆಡಿಸುವಷ್ಟು ಬೆನೊಮಿಲ್ ಹಾಕಿದರೆ ಈಸ್ಟು ತಕ್ಷಣ ಸಾಯುವುದಿಲ್ಲ. ವಿಭಜನೆಯ ನಡುವೆ ನಿಂತು ಕಾಯುತ್ತದೆ. ಔಷಧಿ ತೊಳೆದರೆ ಕದಿರು ಮತ್ತೆ ಕಟ್ಟಿಕೊಂಡು, ನಿಲ್ಲಿಸಿದ ಕಡೆಯಿಂದ ಕೆಲಸ ಮುಂದುವರಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೊಂಗ್ ಲಿ ಮತ್ತು ಆಂಡ್ರ್ಯೂ ಮುರ್ರೆ, ಬಾಲ್ಟಿಮೋರ್‌ನಲ್ಲಿ ಆಂಡ್ರ್ಯೂ ಹೊಯ್ಟ್ ತಂಡ, ಎರಡೂ ಕಡೆಯವರು ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದರು: ಕಾಯಲು ಬಾರದ ಈಸ್ಟು ಸಿಗುತ್ತದೆಯೇ? ಸಿಕ್ಕಿತು. ಕದಿರಿಲ್ಲದಿದ್ದರೂ ತಡೆಯದೆ ಮುಂದೆ ಹೋಗಿ, ವರ್ಣತಂತುಗಳನ್ನು ಅಡ್ಡಾದಿಡ್ಡಿ ಹಂಚಿಕೊಂಡು ಸಾಯುವ ಈಸ್ಟುಗಳು. ಅವುಗಳಲ್ಲಿ ಕೆಟ್ಟಿದ್ದ ಜೀನ್‌ಗಳಿಗೆ ಮ್ಯಾಡ್, ಬಬ್ ಎಂದು ಹೆಸರಿಟ್ಟರು. ಅಂದರೆ ಪುಡಿ ಬಿದ್ದಾಗ ಕೋಶವನ್ನು ನಿಲ್ಲಿಸುತ್ತಿದ್ದುದು ಪುಡಿಯೊಂದೇ ಅಲ್ಲ. ಎಲ್ಲ ವರ್ಣತಂತುಗಳನ್ನೂ ಎಳೆ ಹಿಡಿದಿದೆಯೇ ಎಂದು ನೋಡುವ ಒಂದು ಕಾವಲು ಕೋಶದ ಒಳಗೇ ಇತ್ತು.

ಸರಿ, ಯಾವುದನ್ನು ತಡೆಯಲು ಈ ಕಾವಲು?

ಇದಕ್ಕೆ ಉತ್ತರ ಸಿಗಬೇಕಾದರೆ ಅವಳಿಗಳನ್ನು ಕೂಡಿಸಿ ಹಿಡಿದಿರುವುದು ಏನೆಂದು ತಿಳಿಯಬೇಕಿತ್ತು. 1997ರಲ್ಲಿ ವಿಯೆನ್ನಾದ ಕಿಮ್ ನ್ಯಾಸ್ಮಿತ್ ತಂಡವೂ ಅಮೆರಿಕದ ಡಗ್ಲಸ್ ಕಾಶ್ಲಂಡ್ ತಂಡವೂ ಒಂದೇ ಪ್ರೋಟೀನು ಕೂಟವನ್ನು ಕಂಡುಕೊಂಡವು. ಅದಕ್ಕೆ ಕೊಹೀಸಿನ್ ಎನ್ನುತ್ತಾರೆ. ಎರಡು ಉದ್ದನೆಯ ಪ್ರೋಟೀನುಗಳು ತೋಳು ಚಾಚಿ ಒಂದು ಕಡೆ ಕೂಡಿಕೊಂಡಿವೆ. ಇನ್ನೊಂದು ಕಡೆ ಬಿಟ್ಟ ಬಾಯನ್ನು ಎಸ್‌ಸಿಸಿ1 ಎಂಬ ಮೂರನೆಯದು ಮುಚ್ಚುತ್ತದೆ. ಒಟ್ಟಾರೆ ಒಂದು ಬಳೆ, ಅದರೊಳಗೆ ಎರಡು ಅವಳಿ ತಂತುಗಳು. ಅಂಟು ಹಾಕಿ ಅಂಟಿಸಿದ್ದಲ್ಲ, ಬಳೆಯೊಳಗೆ ತೂರಿಸಿಟ್ಟದ್ದು. ನಕಲು ಮಾಡುವ ಹೊತ್ತಿನಲ್ಲೇ ಬಳೆ ಕೂರುತ್ತದೆ, ಹಾಗಾಗಿ ಯಾವುದು ಯಾರ ಅವಳಿ ಎಂಬ ಗೊಂದಲ ಕೋಶಕ್ಕೆ ಬರುವುದೇ ಇಲ್ಲ.

ಈಗ ಹೊಸಪೇಟೆಯ ಯಾರಿಗೂ ಮರೆತಿರದ ಒಂದು ರಾತ್ರಿ ನೆನಪಿಸಿಕೊಳ್ಳಿ. 2024ರ ಆಗಸ್ಟ್ 10. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕೊಂಡಿ ಕಡಿಯಿತು, ಗೇಟು ಕೊಚ್ಚಿಕೊಂಡು ಹೋಯಿತು. ಆ ಹೊತ್ತಿನಲ್ಲಿ ನೀರಿಗೆ ಹೊಸ ಬಲವೇನೂ ಬರಲಿಲ್ಲ. ತುಂಬಿದ ಜಲಾಶಯದ ಒತ್ತಡ ಹಿಂದಿನ ದಿನವೂ ಗೇಟಿನ ಮೇಲೆ ಇತ್ತು. ತಡೆದಿದ್ದ ಕೊಂಡಿ ಹೋಯಿತು, ಇದ್ದ ಬಲ ಉಳಿದ ಕೆಲಸ ಮಾಡಿತು. ಕೋಶದಲ್ಲೂ ನಡೆಯುವುದು ಇದೇ. ಎಳೆಗಳು ಅವಳಿಗಳನ್ನು ಎರಡು ತುದಿಗೆ ಎಳೆಯುತ್ತಲೇ ಇರುತ್ತವೆ. ಕೊಹೀಸಿನ್ ಬಳೆ ಆ ಎಳೆತವನ್ನು ತಡೆದು ನಿಂತಿರುತ್ತದೆ. ಬೇರ್ಪಡೆ ಎಂದರೆ ಜೋರಾಗಿ ಎಳೆಯುವುದಲ್ಲ, ಬಳೆ ಕತ್ತರಿಸುವುದು. ಆಮೇಲೆ ಹೋದ ನೀರು ಹಿಂದೆ ಬರುವುದಿಲ್ಲ. ಅಣೆಕಟ್ಟಿನಲ್ಲಿ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದರು. ಕೋಶಕ್ಕೆ ಅಂಥ ಸ್ಟಾಪ್‌ಲಾಗ್ ಇಲ್ಲ. ಕತ್ತರಿಸಿದ ಬಳೆಯನ್ನು ಮತ್ತೆ ಕೂಡಿಸಿ ಅವಳಿಗಳನ್ನು ಹಿಂದಕ್ಕೆ ತರುವ ದಾರಿ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಕತ್ತರಿಸುವ ಮುಂಚೆ ಅಷ್ಟೊಂದು ಕಾವಲು.

ಕತ್ತರಿಸುವುದು ಸೆಪರೇಸ್. ಈಸ್ಟಿನಲ್ಲಿ ಇದರ ಹೆಸರು ಇಎಸ್‌ಪಿ1. ಸಾಧಾರಣ ಈಸ್ಟು ಪ್ರೋಟೀನಿಗಿಂತ ಮೂರು ಪಟ್ಟಿಗೂ ಹೆಚ್ಚು ದೊಡ್ಡದು, 1,600ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿ. ವಿಚಿತ್ರವೆಂದರೆ ಇದನ್ನು ಕಂಡುಹಿಡಿದವರು ಬೇರ್ಪಡೆಯ ಬೆನ್ನು ಹತ್ತಿರಲಿಲ್ಲ. 1988ರಲ್ಲಿ ಸಿಯಾಟಲ್‌ನ ಬ್ರೆಕ್ ಬೈಯರ್ಸ್ ಮತ್ತು ಸಂಗಡಿಗರು, ಕದಿರಿನ ತುದಿಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟಿಕೊಳ್ಳುವ ಒಂದು ಕೆಟ್ಟ ಈಸ್ಟನ್ನು ವರ್ಣಿಸಿದರು. ತುದಿಗಳೇಕೆ ಹೆಚ್ಚಾದವು ಎಂಬುದಕ್ಕೆ ಕಾರಣ ಸ್ಪಷ್ಟವಾದದ್ದು ಆಮೇಲೆ: ಅವಳಿಗಳು ಬಿಡಿಸಿಕೊಳ್ಳಲಾಗದೆ ಒಂದೇ ಕಡೆ ಉಳಿದವು, ಕೋಶದ ಗಡಿಯಾರ ಮಾತ್ರ ನಿಲ್ಲದೆ ಓಡಿತು. 1990ರಲ್ಲಿ ಜಪಾನಿನ ಕ್ಯೋಟೋದಲ್ಲಿ ಮಿತ್ಸುಹಿರೊ ಯಾನಗಿಡಾ ತಂಡ ಇನ್ನೊಂದು ಜಾತಿಯ ಈಸ್ಟಿನಲ್ಲಿ, ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರಿನಿಂದ ತೆಗೆದದ್ದರಲ್ಲಿ, ಇದರದೇ ಸೋದರ ಜೀನನ್ನು ಹಿಡಿಯಿತು. ಅಲ್ಲಿ ಅದು ಕೆಟ್ಟರೆ, ಪಾಲಾಗದ ವರ್ಣತಂತುಗಳ ನಡುವೆಯೇ ಕೋಶದ ಗೋಡೆ ಎದ್ದು ಅವನ್ನು ಕೊಯ್ದುಹಾಕುತ್ತಿತ್ತು.

ಕತ್ತರಿ ಕಂಡಿತು, ಆದರೆ ಅದು ಕತ್ತರಿಯೇ ಎಂಬ ಪುರಾವೆ ಬೇಕಿತ್ತು. 1999ರಲ್ಲಿ ಫ್ರಾಂಕ್ ಉಲ್ಮನ್, ನ್ಯಾಸ್ಮಿತ್ ಜೊತೆ, ಬೇರ್ಪಡೆಯ ಗಳಿಗೆಯಲ್ಲಿ ಎಸ್‌ಸಿಸಿ1 ಎರಡು ನಿರ್ದಿಷ್ಟ ಜಾಗಗಳಲ್ಲಿ ತುಂಡಾಗುವುದನ್ನು ತೋರಿಸಿದರು. ತುಂಡಾಗುವುದಕ್ಕೆ ಇಎಸ್‌ಪಿ1 ಬೇಕೇ ಬೇಕು. ಮರುವರ್ಷ ಇಎಸ್‌ಪಿ1 ತಾನೇ ಕತ್ತರಿಸುವ ಪ್ರೋಟೀನು, ಸಾಯಬೇಕಾದ ಕೋಶವನ್ನು ಒಳಗಿಂದ ಕತ್ತರಿಸಿ ಕೊಲ್ಲುವ ಕ್ಯಾಸ್ಪೇಸ್‌ಗಳ ದೂರದ ನೆಂಟ ಎಂಬುದೂ ಖಾತ್ರಿಯಾಯಿತು.

ಆದರೂ ಒಬ್ಬ ತಕರಾರಿನವನು ಕೇಳಬಹುದಿತ್ತು: ಬೇರ್ಪಡೆಗೆ ಇದೊಂದೇ ಸಾಕೆ? ಆ ಗಳಿಗೆಯಲ್ಲಿ ಇನ್ನೂ ನೂರು ಬದಲಾವಣೆ ಆಗುತ್ತಿರುತ್ತವಲ್ಲ, ಅವುಗಳ ಪಾಲೆಷ್ಟು? ಈ ತಕರಾರಿಗೆ ಉಲ್ಮನ್ ತಂಡ ಕೊಟ್ಟ ಉತ್ತರ ನನಗೆ ಇಡೀ ಕಥೆಯಲ್ಲಿ ಅತ್ಯಂತ ಮೆಚ್ಚುಗೆಯಾದದ್ದು. ತಂಬಾಕಿನ ಗಿಡಕ್ಕೆ ತಗಲುವ ಒಂದು ವೈರಸ್ ಇದೆ. ಅದರಲ್ಲಿ ತನ್ನದೇ ಪ್ರೋಟೀನುಗಳನ್ನು ಒಂದು ನಿರ್ದಿಷ್ಟ ಅಕ್ಷರಸಾಲಿನಲ್ಲಿ ಮಾತ್ರ ಕತ್ತರಿಸುವ ಕಿಣ್ವ ಇದೆ. ಈಸ್ಟಿನ ಬದುಕಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಉಲ್ಮನ್ ಮತ್ತು ಸಂಗಡಿಗರು ಎಸ್‌ಸಿಸಿ1ರಲ್ಲಿ ಆ ವೈರಸ್ ಕಿಣ್ವಕ್ಕೆ ಒಗ್ಗುವ ಅಕ್ಷರಸಾಲನ್ನು ಹೊಲಿದರು. ಕೋಶವನ್ನು ಬೇರ್ಪಡೆಗೆ ಒಂದು ಹೆಜ್ಜೆ ಹಿಂದೆ ನಿಲ್ಲಿಸಿದರು, ಅಂದರೆ ಅದರ ಸ್ವಂತ ಸೆಪರೇಸ್ ಕೆಲಸಕ್ಕೆ ಇಳಿಯದಂತೆ ಮಾಡಿದರು. ಆಮೇಲೆ ಗ್ಯಾಲಕ್ಟೋಸ್ ಎಂಬ ಸಕ್ಕರೆ ಕೊಟ್ಟರು. ಅದು ಸಿಕ್ಕೊಡನೆ ವೈರಸ್ಸಿನ ಕಿಣ್ವ ತಯಾರಾಗುವಂತೆ ಮೊದಲೇ ಏರ್ಪಾಟು ಮಾಡಿದ್ದರು. ಕಿಣ್ವ ಬಂತು, ಬಳೆ ತುಂಡಾಯಿತು, ಅವಳಿಗಳು ಎರಡು ತುದಿಗೆ ಸರಿದವು. ಕೋಶದ ಬೇರೆ ಯಾವ ಅಪ್ಪಣೆಗೂ ಕಾಯಲಿಲ್ಲ. ಬಳೆ ಯಾರು ಕತ್ತರಿಸಿದರೂ ಆದೀತು, ಕತ್ತರಿಸಿದರೆ ಸಾಕು.

ಇಷ್ಟು ಅಪಾಯದ ಕತ್ತರಿಯನ್ನು ಕೋಶ ಬಿಚ್ಚಿ ಇಟ್ಟುಕೊಂಡಿರುವುದಿಲ್ಲ. ಸೆಕ್ಯೂರಿನ್ ಎಂಬ ಇನ್ನೊಂದು ಪ್ರೋಟೀನು ಸೆಪರೇಸಿನ ಮೈಗೆ ಉದ್ದಕ್ಕೂ ಹೊಂದಿಕೊಂಡು ಕೂತಿರುತ್ತದೆ. 2017ರಲ್ಲಿ ಈ ಜೋಡಿಯ ಅಣುರಚನೆ ತಿಳಿದಾಗ ಕಂಡದ್ದು ಇಷ್ಟು: ಸೆಕ್ಯೂರಿನ್ನಿನ ಒಂದು ಭಾಗ ಎಸ್‌ಸಿಸಿ1ರ ವೇಷ ತೊಟ್ಟು ಕತ್ತರಿಯ ಬಾಯಲ್ಲೇ ಕೂತಿದೆ, ಆದರೆ ಕತ್ತರಿಗೆ ಸಿಗುವುದಿಲ್ಲ. ಬಾಯಿ ತುಂಬಿದ್ದರಿಂದ ಅಸಲಿ ಎಸ್‌ಸಿಸಿ1ಗೆ ಜಾಗವಿಲ್ಲ. ಹಾಗೆಂದು ಸೆಕ್ಯೂರಿನ್ ಬರೀ ಬೀಗವಲ್ಲ. ಈಸ್ಟಿನಲ್ಲಿ ಸೆಪರೇಸನ್ನು ಕೋಶಕೇಂದ್ರದೊಳಗೆ ಕರೆದುಕೊಂಡು ಹೋಗುವುದಕ್ಕೂ ಅದರ ನೆರವು ಬೇಕು. ಕಾವಲಿನವನೇ ದಾರಿ ತೋರಿಸುವವನೂ ಆದಂತೆ. ಸೆಕ್ಯೂರಿನ್ ತೆಗೆದುಬಿಟ್ಟರೆ ಕತ್ತರಿ ಹದ್ದು ಮೀರಿ ಓಡಾಡುತ್ತದೆ ಎಂದುಕೊಂಡವರಿಗೆ, ಕತ್ತರಿಯ ಬಲವೂ ಕುಂದುವುದು ಕಂಡು ಮೊದಲು ಆಶ್ಚರ್ಯವಾಗಿರಬೇಕು.

ಇನ್ನು ಅಪ್ಪಣೆ ಹೇಗೆ ಇಳಿಯುತ್ತದೆ ಎಂಬುದು. ಈಸ್ಟಿನ ಪ್ರತಿ ವರ್ಣತಂತುವಿನ ಸೆಂಟ್ರೋಮಿಯರ್ ಎಂಬ ಜಾಗದಲ್ಲಿ ಪ್ರೋಟೀನುಗಳ ಒಂದು ಹಿಡಿಕೆ ಕಟ್ಟಿಕೊಂಡಿರುತ್ತದೆ, ಅದನ್ನು ಒಂದೇ ಒಂದು ಎಳೆ ಹಿಡಿಯುತ್ತದೆ. ಮನುಷ್ಯನ ಕೋಶದಲ್ಲಾದರೆ ಒಂದು ಹಿಡಿಕೆಗೆ 15–20 ಎಳೆಗಳು. 16 ಜೋಡಿ, ಅಂದರೆ 32 ಹಿಡಿಕೆಗಳಲ್ಲಿ ಒಂದನ್ನು ಎಳೆ ಹಿಡಿಯದಿದ್ದರೂ ಅಲ್ಲಿಂದ ಮ್ಯಾಡ್, ಬಬ್ ಪ್ರೋಟೀನುಗಳ ತಡೆಯಾಜ್ಞೆ ಹೊರಡುತ್ತದೆ. ಕಡೆಯ ಹಿಡಿಕೆಗೂ ಎಳೆ ಸಿಕ್ಕಿತೆಂದರೆ ತಡೆ ತೆರವಾಗಿ, ಸೆಕ್ಯೂರಿನ್ ಮೇಲೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಗುರುತು ಬಿದ್ದ ಪ್ರೋಟೀನನ್ನು ಕೋಶದ ಚೂರ್ಣಯಂತ್ರ ಎಳೆದುಕೊಂಡು ಪುಡಿ ಮಾಡುತ್ತದೆ. ಕತ್ತರಿಯ ಬಾಯಿ ಖಾಲಿಯಾಗುತ್ತದೆ. ಹದಿನಾರೂ ಜೋಡಿಗಳ ಬಳೆಗಳು ಹೆಚ್ಚುಕಡಿಮೆ ಒಟ್ಟಿಗೇ ತುಂಡಾಗುತ್ತವೆ. ಹೊಲದ ಬೂಜಿನ ಮೇಲೆ ಪುಡಿ ಬಿದ್ದಾಗ ಈ ಕಡೆಯ ಹಿಡಿಕೆಗೆ ಎಳೆ ಸಿಗುವ ಗಳಿಗೆಯೇ ಬರುವುದಿಲ್ಲ. ಸೆಕ್ಯೂರಿನ್ ಕೂತಲ್ಲೇ ಕೂತಿರುತ್ತದೆ.

ವರ್ಣತಂತುಗಳ ಎಣಿಕೆ ಜೀವಿಯಿಂದ ಜೀವಿಗೆ ಬೇರೆ, ಯಂತ್ರ ಮಾತ್ರ ಇದೇ. ದರೋಜಿ ಕರಡಿಗೆ 74, ಸಂಡೂರಿನ ಮನುಷ್ಯನಿಗೆ 46, ಕಂಪ್ಲಿಯ ಭತ್ತಕ್ಕೆ 24, ಜೋಳಕ್ಕೆ 20. ತಿನ್ನುವ ಬಾಳೆಯ ತಳಿಗಳಲ್ಲಿ ಬಹಳಷ್ಟಕ್ಕೆ 33. ಈ ಕಡೆಯದು ಬೆಸಸಂಖ್ಯೆ ಎಂಬುದನ್ನು ಗಮನಿಸಬೇಕು. ಹನ್ನೊಂದರ ಮೂರು ಕಂತೆ. ಗಿಡ ಬೆಳೆಯುವಾಗ ಇದರಿಂದ ತೊಂದರೆಯಿಲ್ಲ. ಪ್ರತಿಯೊಂದೂ ತನ್ನ ಅವಳಿಯಿಂದ ಬಿಡಿಸಿಕೊಳ್ಳುತ್ತದೆ, ಕತ್ತರಿ ತನ್ನ ಕೆಲಸ ಮಾಡುತ್ತದೆ. ಬೀಜ ಕಟ್ಟಲು ಪರಾಗ, ಅಂಡ ಮಾಡುವಾಗ ಮಾತ್ರ ಎರಡು ಕಂತೆಗಳು ಎದುರುಬದುರು ಜೊತೆಯಾಗಿ ನಿಲ್ಲಬೇಕು. ಮೂವರಿದ್ದಾಗ ಯಾರಿಗೆ ಯಾರು ಜೊತೆ? ಹಂಚಿಕೆ ಹದಗೆಡುತ್ತದೆ, ಬೀಜ ನಿಲ್ಲುವುದಿಲ್ಲ, ನಾವು ಬೀಜವಿಲ್ಲದ ಹಣ್ಣು ತಿನ್ನುತ್ತೇವೆ. (ಏಲಕ್ಕಿ ಬಾಳೆಗೆ ಈ ಲೆಕ್ಕ ಹೊಂದದು; ಅದಕ್ಕಿರುವುದು ಎರಡೇ ಕಂತೆ, 22.) ಬೀಜವಿಲ್ಲದ್ದರಿಂದಲೇ ಬಾಳೆ ಕಂದು ಕಿತ್ತು ನೆಡಬೇಕು, ಕಂದಿನೊಡನೆ ಸೊರಗು ರೋಗದ ಶಿಲೀಂಧ್ರವೂ ತೋಟದಿಂದ ತೋಟಕ್ಕೆ ಹೋಗುತ್ತದೆ, ಅದಕ್ಕೆ ಮತ್ತೆ ಪುಡಿಯ ನೀರು. ಮಣ್ಣಿನೊಳಗೆ ವರ್ಷಗಟ್ಟಲೆ ಕೂರುವ ಆ ಶಿಲೀಂಧ್ರಕ್ಕೆ ಪುಡಿಗಿಂತ ರೋಗವಿಲ್ಲದ ಕಂದು ಆರಿಸುವುದೇ ಮೇಲು.

ವರ್ಣತಂತುಗಳ ಹಂಚಿಕೆಯ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ನಡೆದ ಕೆಲಸವೂ ಸಣ್ಣದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಿಂದ ಇದೆ. ಅಲ್ಲಿ ಕೌಸ್ತುವ್ ಸನ್ಯಾಲ್ ಕಟ್ಟಿದ ತಂಡ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಈಸ್ಟಿನ ಹಿಡಿಕೆಗಳನ್ನು ಅಭ್ಯಾಸ ಮಾಡಿತು. ಇದು ಬೇಕರಿಯ ಈಸ್ಟಲ್ಲ, ಕೂಸಿನ ನಾಲಗೆಯ ಮೇಲೆ ಬಿಳಿ ಪೊರೆ ಕಟ್ಟಿಸುವಂಥದ್ದು. ಸಕ್ಕರೆ ಕಾಯಿಲೆಯವರನ್ನು, ಐಸಿಯುನಲ್ಲಿ ಮಲಗಿದವರನ್ನು ಕಾಡುವಂಥದ್ದು. ಸನ್ಯಾಲ್ ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಜಾನ್ ಕಾರ್ಬನ್ ಜೊತೆ ಕೆಲಸ ಮಾಡಿದ್ದರು. 1980ರಲ್ಲಿ ಲೂಯಿಸ್ ಕ್ಲಾರ್ಕ್ ಜೊತೆ ಬೇಕರಿ ಈಸ್ಟಿನ ಸೆಂಟ್ರೋಮಿಯರನ್ನು ಮೊತ್ತಮೊದಲು ಬೇರ್ಪಡಿಸಿ ತೆಗೆದವರೇ ಈ ಕಾರ್ಬನ್. ಬೇಕರಿ ಈಸ್ಟಿನಲ್ಲಿ ಆ ಜಾಗ ಕೇವಲ 125 ಅಕ್ಷರಗಳಷ್ಟು, ಹದಿನಾರರಲ್ಲೂ ಹೆಚ್ಚುಕಡಿಮೆ ಒಂದೇ ಒಕ್ಕಣೆ. ಕ್ಯಾಂಡಿಡಾದಲ್ಲಿ ಹಾಗಲ್ಲವೆಂದು 2004ರಲ್ಲಿ ತಿಳಿಯಿತು: ಎಂಟು ವರ್ಣತಂತುಗಳು, ಎಂಟಕ್ಕೂ ಸಾವಿರಾರು ಅಕ್ಷರ ಉದ್ದದ ಸೆಂಟ್ರೋಮಿಯರ್, ಒಂದರ ಒಕ್ಕಣೆ ಇನ್ನೊಂದಕ್ಕಿಲ್ಲ. ಹಾಗಾದರೆ ಹಿಡಿಕೆ ಇಲ್ಲೇ ಕಟ್ಟಬೇಕೆಂದು ಗೊತ್ತಾಗುವುದು ಹೇಗೆ? ಅಕ್ಷರಗಳಿಂದಲ್ಲ, ಅಲ್ಲಿ ಕೂತ ಸಿಎಸ್‌ಇ4 ಎಂಬ ಪ್ರೋಟೀನಿನಿಂದ. ಆ ಹಿಡಿಕೆಯ ಒಂದು ಭಾಗ ಕೆಟ್ಟರೆ ಕಟ್ಟಡವೇ ಕುಸಿಯುತ್ತದೆ, ಸಿಎಸ್‌ಇ4 ಕೂಡ ನಿಲ್ಲುವುದಿಲ್ಲ ಎಂದು ಜಕ್ಕೂರಿನ ತಂಡ 2012ರಲ್ಲಿ ತೋರಿಸಿತು. ಹಿಡಿಕೆಗೂ ಎಳೆಗೂ ನಡುವೆ ಕೂರುವ ಡ್ಯಾಮ್1 ಎಂಬ ಕೂಟ ಶಿಲೀಂಧ್ರಗಳಲ್ಲಿದೆ, ಮನುಷ್ಯನಲ್ಲಿಲ್ಲ (ತುಂಗಭದ್ರಾ ಡ್ಯಾಮಿಗೂ ಇದಕ್ಕೂ ಸಂಬಂಧವಿಲ್ಲ). ಮನುಷ್ಯನಿಗೆ ತೊಂದರೆ ಕೊಡದ ಹೊಸ ಶಿಲೀಂಧ್ರನಾಶಕ ಮಾಡಬೇಕೆನ್ನುವವರ ಕಣ್ಣು ಇಂಥವುಗಳ ಮೇಲಿದೆ. ಕ್ಯಾಂಡಿಡಾ ತನ್ನ ಕಡೆಯಿಂದ ಸುಮ್ಮನಿಲ್ಲ: ಫ್ಲುಕೊನಜೋಲ್ ಗುಳಿಗೆಗೆ ಬಗ್ಗದ ಕೆಲವು ಕ್ಯಾಂಡಿಡಾಗಳಲ್ಲಿ 5ನೇ ವರ್ಣತಂತುವಿನ ಒಂದು ತೋಳು ಹೆಚ್ಚಾಗಿರುವುದು 2006ರಲ್ಲೇ ಗೊತ್ತಾಯಿತು. ಪಾಲು ತಪ್ಪಿದ್ದೇ ಅದಕ್ಕೆ ಲಾಭವಾಯಿತು.

ನಮ್ಮಲ್ಲಿ ಪಾಲು ತಪ್ಪಿದರೆ ಲಾಭವಿಲ್ಲ. 21ನೇ ವರ್ಣತಂತು ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್ ಎಂದು 1959ರಿಂದ ಗೊತ್ತಿದೆ. ತಾಯಿಯ ವಯಸ್ಸು 35 ಇದ್ದಾಗ ಸುಮಾರು 350 ಹೆರಿಗೆಗೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ವಯಸ್ಸಿಗೂ ಇದಕ್ಕೂ ನಂಟೇಕೆ ಎಂಬುದಕ್ಕೆ ಈಸ್ಟಿನ ಬಳೆ ಒಂದು ಒಳ್ಳೆಯ ಸುಳಿವು ಕೊಟ್ಟಿತು. ಹೆಣ್ಣಿನ ಅಂಡಕೋಶಗಳು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ವಿಭಜನೆ ಆರಂಭಿಸಿ ನಡುವೆ ನಿಂತಿರುತ್ತವೆ. ಬಳೆಗಳು ಕೂರುವುದೂ ಆಗಲೇ. ಇಲಿಗಳಲ್ಲಿ ನೋಡಿದಂತೆ ಆಮೇಲೆ ಹೊಸ ಬಳೆ ಬರುವುದಿಲ್ಲ. ಮನುಷ್ಯರಲ್ಲೂ ಹಾಗೇ ಇದ್ದರೆ, ಮೂವತ್ತು–ನಲವತ್ತು ವರ್ಷ ಅದೇ ಬಳೆ ಕಾಯಬೇಕು. ಸವೆದಷ್ಟೂ ಅವಳಿಗಳು ವೇಳೆಗೆ ಮುಂಚೆ ಬಿಡಿಸಿಕೊಳ್ಳುತ್ತವೆ. ಅಂಥ ಮಗು ಹುಟ್ಟಿದ ಮನೆಗಳಲ್ಲಿ ಗ್ರಹಣದ ದಿನ ಹೊರಗೆ ಕಾಲಿಟ್ಟಳು, ಅದು ತಿಂದಳು, ಇದು ನೋಡಿದಳು ಎಂದು ಬಾಣಂತಿಯನ್ನು ದೂರುವುದನ್ನು ಕೇಳಿದ್ದೇನೆ. ಆಕೆ ಹುಟ್ಟುವ ಮೊದಲೇ ಕೂತ ಬಳೆಗೆ ಆಕೆಯನ್ನು ಹೊಣೆ ಮಾಡುವುದು ಯಾವ ನ್ಯಾಯ?

ಈಸ್ಟಿನ ವರ್ಣತಂತುಗಳು ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ತೀರಾ ಚಿಕ್ಕವು. ಬೇರ್ಪಡೆಯನ್ನು ಕಣ್ಣಾರೆ ನೋಡಬೇಕಾದರೆ ಕೂಡ್ಲಿಗಿ, ಕೊಟ್ಟೂರು ಕಡೆ ರಾಶಿ ರಾಶಿ ಬರುವ ಈರುಳ್ಳಿಯೇ ಸಾಕು. ಅದಕ್ಕೂ 16 ವರ್ಣತಂತುಗಳೇ, ಆದರೆ ದೊಡ್ಡ ದೊಡ್ಡವು. ಒಣಬೇರು ಹೆರೆದು ಈರುಳ್ಳಿಯನ್ನು ಲೋಟದ ಬಾಯ ಮೇಲೆ ಬುಡ ಮಾತ್ರ ನೀರಿಗೆ ತಾಗುವಂತೆ ಕೂರಿಸಿ, ದಿನಾ ನೀರು ಬದಲಾಯಿಸಿ. ಮೂರ್ನಾಲ್ಕು ದಿನದಲ್ಲಿ ಎರಡು ಸೆಂಟಿಮೀಟರ್ ಬೇರು ಬರುತ್ತದೆ. ವಿಭಜನೆ ಚುರುಕಾಗಿರುವ ಬೆಳಗಿನ ಹೊತ್ತಿನಲ್ಲಿ ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೊಹಾಲ್ ಬೆರೆಸಿದ ದ್ರವದಲ್ಲಿ ಒಂದು ದಿನ ಬಿಡಿ. ಆಮೇಲೆ ಸ್ಲೈಡಿನ ಮೇಲೆ ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೋಕಾರ್ಮೈನ್ ಬಣ್ಣ, ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಸ್ವಲ್ಪ ಬಿಸಿ. ಉಪನ್ಯಾಸಕರು ಎದುರಿಗಿದ್ದಾಗಲೇ ಇದನ್ನು ಮಾಡಿ. ಬಣ್ಣ ಹಿಡಿದ ತುದಿಯ ಎರಡು ಮಿಲಿಮೀಟರ್ ಉಳಿಸಿಕೊಂಡು ಮಿಕ್ಕದ್ದು ತೆಗೆದು, ಕವರ್ ಸ್ಲಿಪ್ ಇಟ್ಟು, ಮೇಲೆ ಒತ್ತುಕಾಗದ ಹಾಕಿ ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿಯಾಗುತ್ತವೆ.

ನೋಡುವಾಗ ಹೆಚ್ಚಿನ ಕೋಶಗಳು ಸುಮ್ಮನೆ ದುಂಡು ಕೇಂದ್ರ ಇಟ್ಟುಕೊಂಡು ಕೂತಿರುತ್ತವೆ. ಕೆಲವದರಲ್ಲಿ ವರ್ಣತಂತುಗಳು ನಡುವೆ ಸಾಲಾಗಿ ನಿಂತಿರುತ್ತವೆ. ಅಲ್ಲಿ ಸೆಕ್ಯೂರಿನ್ ಇನ್ನೂ ಕತ್ತರಿಯ ಬಾಯಲ್ಲಿದೆ. ಎರಡು ಗುಂಪಾಗಿ, ತೋಳುಗಳು ಹಿಂದಕ್ಕೆ ಜೋಲಾಡುತ್ತ ತುದಿಗಳತ್ತ ಹೊರಟವು ಸಿಗುವುದು ಬಹಳ ಅಪರೂಪ, ಆ ಹಂತ ಬೇಗ ಮುಗಿದುಹೋಗುತ್ತದೆ. ಒಂದು ಸ್ಲೈಡಿನಲ್ಲಿ ಕಾಣದಿದ್ದರೆ ಬೇರೆ ಬೇರಿನ ತುದಿ ತೆಗೆದುಕೊಳ್ಳಿ. ಸಿಕ್ಕಾಗ ಎರಡೂ ಕಡೆ ಎಣಿಸಿ ನೋಡಿ, ಹದಿನಾರು ಹದಿನಾರು ಬರಬೇಕು. ಒಂದರ ಮೇಲೊಂದು ಬಿದ್ದಿದ್ದರೆ ಎಣಿಕೆ ತಪ್ಪುತ್ತದೆ, ಇನ್ನಷ್ಟು ಒತ್ತಿದ ಸ್ಲೈಡಿನಲ್ಲಿ ಎಣಿಸುವುದು ಲೇಸು.